ಸೂರ್ಯನಿಗೆ ಸೀರಣಿಗೆ

ರೇಡಿಯೋ ಅಣ್ಣನ ಬಲಗೈ ಹೆಬ್ಬೆರಳಿನ ತುದಿ ಹುಣಸೆಬೀಜದ ಹಾಗೆ ನುಣ್ಣಗೆ, ಕಂದಾಗಿ ಹೊಳೆಯುತ್ತಿತ್ತು. ಮೂವತ್ತು ವರ್ಷ ಬೆಸುಗೆಯ ಬಿಸಿ ಸೀಸ ತಾಗಿ ತಾಗಿ ಅಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳಿಡುವ ಯಂತ್ರ ಪ್ರತಿ ತಿಂಗಳೂ ಅವರನ್ನು ಗುರುತು ಹಿಡಿಯದೆ ಕೆಂಪು ದೀಪ ತೋರಿಸುತ್ತಿತ್ತು. "ನಾನು ನಾನಲ್ವಂತೆ ಕಣವ್ವ," ಎಂದು ನಗುತ್ತಾ ಬರುತ್ತಿದ್ದರು. ಆಮೇಲೆ ಕಿರುಬೆರಳು ಕೊಟ್ಟು ಅಕ್ಕಿ ತರುತ್ತಿದ್ದರು.

ತಾಳವಾಡಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ರೇಡಿಯೋ ರಿಪೇರಿ ಅಂಗಡಿ, ಪಕ್ಕದ್ದು ನನ್ನ ಹೊಲಿಗೆ ಅಂಗಡಿ. ನಡುವೆ ಒಂದು ಹಲಗೆ ಗೋಡೆ. ಊರಿಗೆಲ್ಲ ಅವರು ರೇಡಿಯೋ ಅಣ್ಣ. ನಾನು ಅಂಗಡಿ ಹಾಕುವ ಹೊತ್ತಿಗೇ ರೇಡಿಯೋ ತರುವವರು ಕಡಿಮೆಯಾಗಿದ್ದರು. ಮಿಕ್ಸಿ ಬರುತ್ತಿತ್ತು, ಟಾರ್ಚು ಬರುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸೋಲಾರ್ ಬೇಲಿಯ ಪೆಟ್ಟಿಗೆಗಳು ಬರುತ್ತಿದ್ದವು. ಆನೆ, ಹಂದಿ ಹೊಲಕ್ಕೆ ನುಗ್ಗದಂತೆ ಸುತ್ತ ಎಳೆದ ತಂತಿಗೆ ಸೆಕೆಂಡಿಗೊಮ್ಮೆ ಟಕ್ ಎಂದು ಶಾಕ್ ಕೊಡುವ ಪೆಟ್ಟಿಗೆ ಅದು. ರಿಪೇರಿಯಾದದ್ದು ಹಲಗೆಯ ಆಚೆ ಟಕ್ ಟಕ್ ಎನ್ನತೊಡಗಿದರೆ ನಾನು ಗೊತ್ತಿಲ್ಲದೆಯೇ ಅದೇ ತಾಳಕ್ಕೆ ಮೆಷಿನ್ ತುಳಿಯುತ್ತಿದ್ದೆ.

ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ಅದರ ಆಯಸ್ಸು ಹೇಳುವರು. ಕೆಟ್ಟ ರೇಡಿಯೋ ಮುಂದಿಟ್ಟುಕೊಂಡಾಗ ಟೀ ತಂದವನೂ ಲೋಟ ಸದ್ದಾಗದಂತೆ ಇಡಬೇಕು. "ಮೊದ್ಲು ನಾವು ಸುಮ್ನಾಗಬೇಕು ಕಣವ್ವ, ಆಮೇಲ ಕೇಳ್ತದ," ಅನ್ನುವರು.

ನನಗೆ ಅಳತೆ ಪುಸ್ತಕದ ಹಿಂಬದಿಯಲ್ಲಿ ದಿನದ ಚಿಲ್ಲರೆ ಸಂಗತಿ ಬರೆದಿಡುವ ಅಭ್ಯಾಸ. ಮಳೆ ಬಂದ ಹೊತ್ತು, ಕರೆಂಟು ಹೋದ ಹೊತ್ತು, ಚಾಮರಾಜನಗರದ ಬಸ್ಸು ತಡವಾದದ್ದು, ಇಂಥವು. ಬೇರೆಯವರು ಅದನ್ನು ನೋಡಿ ನಕ್ಕರು. ಅವರೊಬ್ಬರು ಮಾತ್ರ ಮೂರು ಪುಟ ತಿರುವಿ ಓದಿ, "ನೀನು ಬೇಕಾಯ್ತೀಯ," ಎಂದರು. ಯಾವುದಕ್ಕೆ ಎಂದು ಹೇಳಲಿಲ್ಲ.

ಅವರ ಮೇಜಿನ ಗಾಜಿನ ಕೆಳಗೆ ಪತ್ರಿಕೆಯ ಒಂದು ತುಂಡಿತ್ತು. ರೇಡಿಯೋ ದೂರದರ್ಶಕವೊಂದನ್ನು ಉಪಗ್ರಹದಂತೆ ಮೇಲೆ ಕಳಿಸಿ, ನೆಲದ ಮೇಲಿನ ತಟ್ಟೆಯಂಥ ದೊಡ್ಡ ಡಿಶ್ಶುಗಳ ಜೊತೆ ಸೇರಿಸಿ ಆಕಾಶವನ್ನು ಕೇಳಿಸಿಕೊಂಡ ಸುದ್ದಿ. ಮೊದಲು ಜಪಾನಿನವರು, ಆಮೇಲೆ ರಷ್ಯದವರು. ಎರಡನೆಯದು ಹೆಚ್ಚುಕಡಿಮೆ ಚಂದ್ರನಷ್ಟು ದೂರ ಹೋಗಿ ಬರುತ್ತಿತ್ತಂತೆ.

"ಅಷ್ಟು ದೂರ ಯಾಕಣ್ಣ?" ಎಂದು ಕೇಳಿದೆ. ಆಗ ನಾನು ಶಾಲೆಯಿಂದ ಬಂದ ಮಗಳ ತಲೆ ಬಾಚುತ್ತಿದ್ದೆ.

"ಆ ಬಾಚಣಿಗೇಲಿ ಸೀರು ಸಿಕ್ತದಾ?"

"ಹೇನಿನ ಮೊಟ್ಟೆ ಇದ್ರಲ್ಲೆಲ್ಲಿ ಸಿಕ್ತದೆ? ಹಲ್ಲು ದಪ್ಪ. ಅದಕ್ಕೆ ಸಣ್ಣ ಹಲ್ಲಿನ ಸೀರಣಿಗೆ ಬೇಕು."

"ಅಷ್ಟೇ ಕಣವ್ವ. ಒಂದು ಡಿಶ್ ಅಂದ್ರ ದಪ್ಪ ಹಲ್ಲು. ಎರಡು ಡಿಶ್ ಜೊತೇಲಿ ಕೇಳುದ್ರ ಸಣ್ಣ ಹಲ್ಲು. ದೂರ ದೂರ ಇಟ್ಟಂಗೆಲ್ಲ ಇನ್ನೂ ಸಣ್ಣ. ನೆಲದ ಮ್ಯಾಲ ಇಡ್ತಾ ಓದ್ರ ಭೂಮೀನೇ ಮುಗ್ದೋಯ್ತದ. ಅದ್ಕ ಒಂದ್ನ ಮ್ಯಾಲಕ್ಕ ಕಳ್ಸುದ್ರು."

ತಿಗನಾರೆ ಕಡೆಯ ಒಂದು ಶಾಲೆಗೆ ಮೈಕ್ ಸರಿಮಾಡಲು ಹೋದಾಗ ಇದನ್ನೇ ಅಲ್ಲಿಯ ವಿಜ್ಞಾನದ ಟೀಚರಿಗೆ ಹೇಳಿದ್ದಾರೆ. "ಮಕ್ಕಳಿಗೂ ತೋರಿಸಿ ಅಣ್ಣ," ಎಂದಳಂತೆ ಆಕೆ. ಯಾರೋ ಬಿಸಾಡಿದ ಎರಡು ಟಿವಿ ಡಿಶ್ ತಂದು, ಎರಡೂ ಒಂದೇ ತಾಳದಲ್ಲಿ ಕೇಳುವಂತೆ, ಒಳಗಿನ ವಿದ್ಯುತ್ ಮಿಡಿತ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಜೋಡಿಸಲು ಅವರಿಗೆ ಎರಡು ತಿಂಗಳು ಹಿಡಿಯಿತು. ಸೂರ್ಯನೂ ರೇಡಿಯೋ ಅಲೆ ಕಳಿಸುತ್ತಾನೆ. ಅವನು ಎರಡು ಡಿಶ್ಶಿನ ಮುಂದೆ ಹಾದುಹೋಗುವಾಗ ಮೀಟರಿನ ಮುಳ್ಳು ಏರಿ ಇಳಿಯಬೇಕು. ಡಿಶ್ ದೂರವಾದಷ್ಟೂ ಏರಿಳಿತಗಳ ಎಣಿಕೆ ಹೆಚ್ಚಬೇಕು; ಒಂದೊಂದು ಏರಿಳಿತವೂ ಬಾಚಣಿಗೆಯ ಒಂದೊಂದು ಹಲ್ಲು.

ಮೊದಲ ಸಲ ಶಾಲೆಯ ಮೈದಾನದಲ್ಲಿ ಇಟ್ಟಾಗ ಮುಳ್ಳು ಕುಣಿಯಿತು. ಸೆಕೆಂಡಿಗೊಂದು ಸಲ, ಟಕ್, ಟಕ್. ಅಣ್ಣ ಎರಡೂ ಕೈ ಎತ್ತಿ, "ನೋಡ್ರಪ್ಪ, ಸೂರ್ಯನ ನಾಡಿ!" ಎಂದರು. ಮಕ್ಕಳು ಚಪ್ಪಾಳೆ ಹೊಡೆದರು. ಪಕ್ಕದ ಮುಸುಕಿನ ಜೋಳದ ಹೊಲದ ರೈತ ಬದುವಿನ ಮೇಲಿಂದ ಕೂಗಿದ:

"ಅಣ್ಣೋ, ಅದು ಸೂರ್ಯ ಅಲ್ಲ, ನನ್ನ ಬೇಲಿ! ಓದ ತಿಂಗ್ಳು ನೀವೇ ಅಲ್ವಾ ರಿಪೇರಿ ಮಾಡ್ಕೊಟ್ಟಿದ್ದು?"

ತಂತಿಗೆ ಹುಲ್ಲು ತಾಗಿ ಕಿಡಿ ಹಾರುತ್ತಿತ್ತು, ಅದನ್ನು ಅಣ್ಣನ ಉದ್ದ ಕೇಬಲ್ ಹಿಡಿದುಕೊಂಡಿತ್ತು. ದಿನಾ ಕೇಳುವ ತಮ್ಮ ಕೈಕೆಲಸದ ಸದ್ದೇ ಅವರಿಗೆ ಗುರುತು ಸಿಕ್ಕಿರಲಿಲ್ಲ. ವಾರವಿಡೀ ಟೀ ಅಂಗಡಿಯಲ್ಲಿ ಅದೇ ಮಾತು: "ಏನಣ್ಣ, ಸೂರ್ಯನ್ ಬ್ಯಾಟ್ರಿ ಯಾವತ್ತು ಬದ್ಲಾಯಿಸ್ತೀರಿ?" ಅವರು ನಕ್ಕರು. ನಾಲ್ಕನೆಯ ದಿನ ನಗು ಬಿಟ್ಟು ನನ್ನ ಅಂಗಡಿಗೆ ಬಂದು ಹೇಳಿದರು: "ಟೀಚರಮ್ಮ ಇನ್ನೊಂದೇ ದಿವ್ಸ ಕೊಟ್ಟವ್ರ, ಶುಕ್ರವಾರ. ಆಮೇಲ ಪರೀಕ್ಷೆ. ನನ್ನ ನಗ್ಲಿ ಬುಡು. ಆ ಮಕ್ಕ ಇನ್ಮೇಲ ಆಕಾಶ ಅಂದ್ರ ನಗ್ತವಲ್ಲ, ಅದಾಗಬಾರ್ದು."

ರೈತನನ್ನು ಕೇಳಲು ಹೊಲಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ರೈತ ತಂತಿಯ ಒಳಗೆ, ನಾವು ಹೊರಗೆ.

"ಒಂದರ್ಧ ಗಂಟೆ ಬೇಲಿ ಆಫ್ ಮಾಡ್ಲಾ," ಎಂದರು ಅಣ್ಣ.

"ಆಗಲ್ಲ ಕಣಣ್ಣ. ತೆನೇಲಿ ಆಲು ತುಂಬದ. ಆ ಲಂಟಾನ ಪೊದೆ ಒಳಗ ಅಂದಿ ಅಗಲೊತ್ತೂ ಮಲ್ಗಿರ್ತವ. ಟಕ್ ಅನ್ನೋದು ನಿಂತ್ರ ಅವುಕ್ಕ ಊಟದ ಗಂಟೆ ಒಡ್ದಂಗ."

ಅಣ್ಣ ತಂತಿಯುದ್ದಕ್ಕೂ ಕಣ್ಣು ಹಾಯಿಸಿದರು. "ನಿನ್ನ ತಂತಿ ಎಷ್ಟುದ್ದ ಅದಯೋ ಅಷ್ಟುದ್ದಕ್ಕೂ ಜನ ನಿಲ್ಲಿಸ್ತೀನಿ. ಅರ್ಧ ಗಂಟೆ ಜನಾನೇ ಬೇಲಿ. ಒಂದು ತೆನೆ ಓದ್ರೂ ಇನ್ಮೇಲ ನಾನು ಪೆಟ್ಟಿಗೆ ರಿಪೇರಿ ಮುಟ್ಟಲ್ಲ."

"ಅಯ್ಯೋ, ಆಮೇಲ ನನ್ನ ಪೆಟ್ಟಿಗೆ ಯಾರು ನೋಡೋರು?" ಎಂದ ರೈತ. ಆದರೆ ಒಪ್ಪಿದ.

ಶುಕ್ರವಾರ ಊಟದ ಬಿಡುವು ಮುಗಿಯುವ ಹೊತ್ತಿಗೆ ಜೋಳದ ಸುತ್ತ ಮಕ್ಕಳು, ಕೂಲಿ ಬಿಟ್ಟು ಬಂದ ಹೆಂಗಸರು, ಟೀ ಅಂಗಡಿಯಲ್ಲಿ ಹಾಸ್ಯ ಮಾಡಿದವರು, ಎಲ್ಲ ಒಂದೊಂದು ಕೋಲು ಹಿಡಿದು ನಿಂತಿದ್ದರು. ಪೊರಕೆ ಮಾರಲು ಬೆಟ್ಟದಿಂದ ಇಳಿದಿದ್ದ ಇಬ್ಬರು ಸೋಲಿಗ ಹೆಂಗಸರು ಯಾರೂ ಒಪ್ಪದ ಕಾಡಿನ ಮಗ್ಗುಲನ್ನು ತಾವೇ ಕೇಳಿ ತೆಗೆದುಕೊಂಡರು. ಮೊಬೈಲುಗಳನ್ನೆಲ್ಲ ಆಫ್ ಮಾಡಿಸಿ ನನ್ನ ಬಟ್ಟೆ ಚೀಲಕ್ಕೆ ತುಂಬಿಕೊಂಡೆ. ರೈತ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಟಕ್ ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಅಲ್ಲಿ ಹಿಂದೆಂದೂ ಕೇಳಿರಲಿಲ್ಲ. ಜೋಳದ ಗರಿ ಒಂದಕ್ಕೊಂದು ಉಜ್ಜುವುದು ಕೇಳುತ್ತಿತ್ತು.

"ಬರ್ಕೊ ಕಣವ್ವ," ಎಂದರು ಅಣ್ಣ. ಹತ್ತು ಸೆಕೆಂಡಿಗೊಮ್ಮೆ ಅವರು ಮುಳ್ಳು ನೋಡಿ ಅಂಕಿ ಹೇಳಿದರು, ನಾನು ಅಳತೆ ಪುಸ್ತಕದಲ್ಲಿ ಬರೆದೆ. ಮೊದಲು ಡಿಶ್ಶುಗಳ ನಡುವೆ ಮೂರು ಅಡಿ. ಸೂರ್ಯ ದಾಟಿಹೋದ ಮೇಲೆ ಆರು ಅಡಿಗೆ ಸರಿಸಿ ಮತ್ತೆ ಅವನ ದಾರಿಗೆ ತಿರುಗಿಸಿದರು. ಎರಡನೆಯ ಸಲದ ಅಳತೆಯ ನಡುವೆ ಲಂಟಾನ ಅಲುಗಾಡಿ ಒಂದು ಹಂದಿ ಮೂತಿ ಹೊರಗೆ ಹಾಕಿತು. ಸೋಲಿಗ ಹೆಂಗಸರಲ್ಲೊಬ್ಬಳು ಪೊರಕೆಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಹಂದಿ ಅವಳನ್ನೂ ಅವಳ ಹಿಂದಿನ ಸಾಲನ್ನೂ ನೋಡಿ ವಾಪಸು ಹೋಯಿತು. ಅಣ್ಣ ತಲೆ ಎತ್ತಲೇ ಇಲ್ಲ. "ಇಪ್ಪತ್ತೇಳು. ಬರ್ಕೊ."

ಮುಗಿದ ಮೇಲೆ ನಾನು ಶಾಲೆಯ ಯೂನಿಫಾರಂಗೆ ತಂದಿದ್ದ ಚೌಕಳಿ ಬಟ್ಟೆಯನ್ನು ಬೆಂಚಿನ ಮೇಲೆ ಹರಡಿದೆ. ಒಂದು ಅಂಕಿಗೆ ಒಂದು ಗುಂಡುಪಿನ್ನು, ಚೌಕ ಎಣಿಸಿ ಎಣಿಸಿ. ಪಿನ್ನಿಂದ ಪಿನ್ನಿಗೆ ಕೆಂಪು ದಾರ ಎಳೆದೆ. ಮೂರು ಅಡಿಯದು ಎರಡು ಗುಡ್ಡವಾಯಿತು. ಅದರ ಕೆಳಗೆ ಆರು ಅಡಿಯದನ್ನೂ ಎಳೆದೆ. ಅಣ್ಣ ಆ ನುಣ್ಣನೆಯ ಹೆಬ್ಬೆರಳನ್ನು ದಾರದ ಮೇಲೆ ಮೆಲ್ಲಗೆ ಹಾಯಿಸಿದರು. ಏರಿತು, ಇಳಿಯಿತು. ಒಂದು. ಎರಡು. ಮೂರು. ನಾಲ್ಕು. ಅಷ್ಟೇ ಅಗಲದಲ್ಲಿ ನಾಲ್ಕು ಗುಡ್ಡ.

"ಅಂಗಾದ್ರ ಇದು ನನ್ನ ಬೇಲಿ ಅಲ್ಲ?" ಎಂದ ರೈತ.

"ಅಲ್ಲ ಕಣ್ಲಾ. ಸೂರ್ಯನೇ."

ಮಕ್ಕಳ ಕೂಗಿಗೆ ಜೋಳದಿಂದ ಗಿಣಿಗಳೆಲ್ಲ ಎದ್ದು ಹಾರಿದವು. ಟೀ ಅಂಗಡಿಯವರೇ ಅಣ್ಣನನ್ನು ಹೆಗಲ ಮೇಲೆ ಎತ್ತಿದರು. ಅವರು ಅಲ್ಲಿಂದಲೇ, ಒಂದು ಕೈಯನ್ನು ಮೈದಾನದ ಕಡೆ, ಇನ್ನೊಂದನ್ನು ನೆತ್ತಿಯ ಮೇಲಿನ ಆಕಾಶಕ್ಕೆ ಚಾಚಿ, "ಆರಡಿಗೆ ನಾಲ್ಕು! ಒಂದಿಲ್ಲಿ, ಒಂದ್ ಅಲ್ಲಿ ಇಟ್ರ ಎಷ್ಟು ಸಣ್ಣ ಹಲ್ಲು, ಎಣಿಸ್ರಪ್ಪ!" ಎಂದು ಕೂಗುತ್ತಿದ್ದರು. ರೈತ ಹೊಲವನ್ನೆಲ್ಲ ಒಂದು ಸುತ್ತು ಬಂದು, ಒಂದು ತೆನೆಯೂ ಹೋಗಿಲ್ಲವೆಂದು ಸಾರಿ, ತಾನೇ ಬುಟ್ಟಿ ತುಂಬ ಕಿತ್ತು ಎಲ್ಲರಿಗೂ ಸುಟ್ಟುಕೊಟ್ಟ. ಆ ಬಟ್ಟೆಗೆ ದಾರವನ್ನು ಹೊಲಿದುಕೊಟ್ಟೆ. ಈಗಲೂ ಅದು ಆ ಶಾಲೆಯ ಗೋಡೆಯ ಮೇಲಿದೆ.

ಹೋದ ವರ್ಷ ಅಣ್ಣ ತೀರಿಕೊಂಡರು. ಹಲಗೆಯ ಆಚೆ ಈಗ ಮೊಬೈಲ್ ಕವರ್ ಮಾರುತ್ತಾರೆ. ಡಿಶ್ಶುಗಳನ್ನು ನಾನು ಅಟ್ಟಕ್ಕೆ ಹಾಕಿದ್ದೆ. ಈ ಸಲ ಜೋಳ ಹಾಲು ತುಂಬುವ ಹೊತ್ತಿಗೆ ಆ ರೈತ ಅಂಗಡಿಗೆ ಬಂದು, "ಅಕ್ಕ, ಬೇಲಿ ಯಾವತ್ತು ಆಫ್ ಮಾಡ್ಬೇಕು?" ಎಂದ.

"ನಾನು ಬಟ್ಟೆ ಹೊಲಿಯೋಳು ಕಣಪ್ಪ," ಎಂದೆ.

"ಪುಸ್ತಕ ನಿಮ್ಮತ್ರಾನೇ ಅದಲ್ಲ."

ಅದೇ ಮೈದಾನ, ಅದೇ ಆರು ಅಡಿ. ಜೋಳದ ಸುತ್ತ ಜನ ಕೋಲು ಹಿಡಿದು ನಿಂತರು. ಟಕ್ ನಿಂತಿತು. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು ನಾನು ಮೀಟರಿನ ಮುಂದೆ ಕೂತೆ. ಅಳತೆ ಪುಸ್ತಕ ಹಿಡಿದು ಪಕ್ಕದಲ್ಲಿ ಮಗಳು. ಮುಳ್ಳು ಮೆಲ್ಲಗೆ ಏಳತೊಡಗಿತು, ನನ್ನ ಬಾಯಿಂದ ತಾನಾಗಿಯೇ ಬಂತು:

"ಬರ್ಕೊ ಕಣವ್ವ."