ಸುಲ್ತಾನನ ಕುದುರೆಗೆ ಐದನೆಯ ಕಾಲು

ಅಂಟುಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಹಳೆಯ ಹಸ್ತಪ್ರತಿಗಳ ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಕೂತು, ಹುಳ ತಿಂದ ಹಾಳೆಗಳಿಗೆ ತೇಪೆ ಹಾಕುತ್ತಲೇ ತಲೆ ನರೆಸಿಕೊಂಡವರು. ಗೋಧಿಹಿಟ್ಟಿನ ಅಂಟನ್ನು ಅವರಷ್ಟು ಹದವಾಗಿ ಕಾಯಿಸುವವರು ಯಾರೂ ಇರಲಿಲ್ಲ. ಮನೆಯಲ್ಲಿ ಹಾಲು ಕಾಯಿಸಲು ಹೇಳಿದರೆ ಮಾತ್ರ ಉಕ್ಕಿಸಿಯೇ ತೀರುತ್ತಾರೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದರು. ಅವರು ನಿವೃತ್ತರಾದ ಮೇಲೆ ಅದೇ ಮೇಜು, ಅದೇ ಕುಂಚಗಳು ಮಗಳ ಪಾಲಿಗೆ ಬಂದವು.

ಮೇಷ್ಟ್ರಿಗೆ ಜಂಬವಿಲ್ಲ ಎಂದರೆ ಸುಳ್ಳಾದೀತು. ಆ ಜಂಬಕ್ಕೆಲ್ಲ ಒಂದು ಹಾಳೆಯೇ ಮೂಲ. ಯಾವುದೋ ಕಾಲದ ಸುಲ್ತಾನನ ಆಸ್ಥಾನದ ಚರಿತ್ರೆ ಅದು. ಮೇಲೆ ಕೆಳಗೆ ಪಾರಸಿ ಭಾಷೆಯ ಸಾಲುಗಳು, ನಡುವೆ ಚಿತ್ರ. ಯುದ್ಧ ಗೆದ್ದ ಸುಲ್ತಾನ ಬಿಳಿ ಕುದುರೆಯೇರಿ ಊರೊಳಗೆ ಬರುತ್ತಿದ್ದಾನೆ. ಮುಂದೆ ನಗಾರಿಯವರು, ಮಹಡಿಯಿಂದ ಇಣುಕುವ ಹೆಂಗಸರು, ಎಲ್ಲದರ ಅಂಚಿಗೂ ಚಿನ್ನದ ಗೆರೆ. ಕುದುರೆಯ ಹೊಟ್ಟೆಯಿಂದ ಕೆಳಗೆ ಮಾತ್ರ ಹುಳ ಹೊಕ್ಕು ತೂತು ಮಾಡಿತ್ತು. ಮೇಷ್ಟ್ರು ಅಲ್ಲಿ ತೇಪೆ ಹಾಕಿ, ಇಲ್ಲದ ಕಾಲುಗಳನ್ನು ತಾವೇ ಬರೆದಿದ್ದರು. ಆಗಿನ ಕಾಲಕ್ಕೆ ಹಾಗೆ ಬರೆಯುವುದೇ ಜಾಣತನ.

"ನಾನು ಕಾಲು ಕೊಡದೇ ಇದ್ದಿದ್ರೆ ಆ ಸುಲ್ತಾನ ಇವತ್ತಿಗೂ ಊರು ಸೇರ್ತಿರ್ಲಿಲ್ಲ" ಎಂಬ ಮಾತನ್ನು ಕೇಳದ ನೆಂಟರಿಲ್ಲ.

ಈಗ ಆ ಹಾಳೆ ಮೊದಲ ಸಲ ಪ್ರದರ್ಶನಕ್ಕೆ ಬರಲಿತ್ತು. ಮೇಷ್ಟ್ರನ್ನು ಹಿಡಿಯುವವರುಂಟೆ! ಕ್ಷೌರದಂಗಡಿಯವನಿಂದ ಹಿಡಿದು ಎದುರುಮನೆಯ ಅಜ್ಜಿಯವರೆಗೆ ಎಲ್ಲರಿಗೂ ಡಂಗುರ ಸಾರಿ ಬಂದರು, ತಮಗೊಂದು ಹೊಸ ಅಂಗಿ ಹೊಲಿಸಿಕೊಂಡರು.

ಇತ್ತ ಮಗಳು ಆ ಹಾಳೆಯ ಹೊಗೆಮಸಿಯನ್ನು ಮೆತ್ತನೆಯ ಕುಂಚದಿಂದ ಬಿಡಿಸುತ್ತಿದ್ದಳು. ನಗಾರಿಯವನ ಬಿಳಿ ಅಂಗಿಯ ತೋಳು ಬೆಳ್ಳಗಾಯಿತು. ಆ ತೋಳಿನ ಮುಂದೆ ನಸುಗೆಂಪು ಗೊರಸೊಂದು ಕಾಣಿಸಿತು. ಕುದುರೆ ಎತ್ತಿದ್ದ ಮುಂಗಾಲು! ಬಿಳಿಯ ಮೇಲೆ ಬಿಳಿಯಾಗಿ ಅಡಗಿ ಕೂತಿತ್ತು. ಅವಳು ಕಾಲುಗಳನ್ನು ಎಣಿಸಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಹುಳ ಉಳಿಸಿದ್ದು ಈ ಮುಂಗಾಲೂ ಸೇರಿ ಎರಡು, ಅಪ್ಪ ಬರೆದದ್ದು ಮೂರು.

ಕೋಣೆಯ ಉಸ್ತುವಾರಿಯ ಮೇಡಂ ಬಂದು ನೋಡಿದರು. ನಗು ತಡೆದುಕೊಂಡದ್ದು ಅವರ ದೊಡ್ಡ ಗುಣ.

"ಹೇಗೂ ಆ ತೇಪೆ ಈಗ ಇಟ್ಕೊಳ್ಳೋ ಹಾಗಿಲ್ಲಮ್ಮ. ಇಲ್ಲದ್ದನ್ನ ನಾವು ಬರೀಬಾರ್ದು. ತೆಗೆದು, ಹಾಳೆ ಬಣ್ಣದ ಕಾಗದ ಕೂರಿಸಿ, ಖಾಲಿ ಬಿಡು."

"ನಾಳೆವರೆಗೆ ಬಿಡಿ ಮೇಡಂ. ಅಪ್ಪಂಗೆ ಹೇಳದೆ ನಾನು ಕೈ ಹಾಕಲ್ಲ."

ಹೇಳುವುದು ಎಂದರೆ ಬಾಯಿ ಬಂದೀತೆ? ಸಂಜೆ ಊಟಕ್ಕೆ ಕೂತಾಗ ಮೇಷ್ಟ್ರು ಹೊಸ ಅಂಗಿ ತೊಟ್ಟು, ನಾಡಿದ್ದು ಎಲ್ಲಿ ನಿಂತು ಕುದುರೆ ತೋರಿಸುವುದೆಂದು ಅಭ್ಯಾಸ ಮಾಡುತ್ತಿದ್ದರು. ಮಗಳು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು. ಜೀವಮಾನವಿಡೀ ಒಂದೇ ಒಂದು ಹೆಮ್ಮೆ ಇಟ್ಟುಕೊಂಡಿದ್ದ ಮನುಷ್ಯ. ಅದನ್ನು ತಾನೇ ಕಿತ್ತುಕೊಳ್ಳಬೇಕಲ್ಲ!

"ನಾಳೆ ಒಂದ್ಸಲ ಕೋಣೆಗೆ ಬನ್ನಿ ಅಪ್ಪ" ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಮೇಷ್ಟ್ರು ತಮ್ಮ ಹಳೆಯ ಕುರ್ಚಿಯಲ್ಲಿ ಕೂತು ಹಾಳೆಯ ಮೇಲೆ ಭೂತಗನ್ನಡಿ ಹಿಡಿದರು. ಮಗಳು ತಡೆಯಲಾರದೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ಆಗ ಮಸಿ ಮುಚ್ಚಿತ್ತು ಅಪ್ಪ, ಯಾರಿಗೂ ಕಾಣ್ತಿರ್ಲಿಲ್ಲ. ನಿಮ್ಮ ತಪ್ಪೇನೂ ಇಲ್ಲ."

ಮೇಷ್ಟ್ರ ಬೆರಳು ಒಂದೊಂದೇ ಕಾಲಿನ ಮೇಲೆ ಗಾಳಿಯಲ್ಲೇ ನಡೆದುಹೋಯಿತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ನಕ್ಕರು.

"ಮಸಿನೂ ಇಲ್ಲ, ಮಣ್ಣೂ ಇಲ್ಲ. ಆ ಗೊರಸು ಆಗಲೂ ಕಾಣ್ತಿತ್ತು ಕಣೇ. ಎಣಿಸೋ ಸ್ಥಿತೀಲಿ ನಾನಿರ್ಲಿಲ್ಲ ಅಷ್ಟೆ" ಎಂದರು ಕಣ್ಣೊರೆಸಿಕೊಳ್ಳುತ್ತ. "ಅವತ್ತು ನೀನು ಹುಟ್ಟಿದ್ದೆ. ಆಸ್ಪತ್ರೇಲಿ ನಿನ್ನ ಮುಖ ನೋಡ್ಕೊಂಡು ಸೀದಾ ಇಲ್ಲಿಗೆ ಬಂದೆ, ತೇಪೆಯ ಕೆಲಸ ಅವತ್ತೇ ಮುಗಿಸ್ಬೇಕಿತ್ತು. ಕುಂಚ ಹಿಡಿದ್ರೆ ಕೈ ಕುಣೀತಿದೆ. ಇನ್ನೊಂದು ಕಾಲು ಬರೆಯೋಣ, ಇನ್ನೊಂದು ಬರೆಯೋಣ ಅನ್ನಿಸ್ತಿತ್ತು. ಐದಕ್ಕೆ ನಿಂತಿದ್ದೇ ಪುಣ್ಯ."

ಮಗಳು ಅವರ ಬಾಯಿಂದ ಇಂಥ ಮಾತು ಎಂದೂ ಕೇಳಿರಲಿಲ್ಲ. ಹೊಗಳುವುದಿರಲಿ, ಹತ್ತಿರ ಕೂರಿಸಿಕೊಂಡು ಮಾತಾಡಿಸುವ ಅಭ್ಯಾಸವೂ ಮೇಷ್ಟ್ರಿಗಿರಲಿಲ್ಲ. ಸಂತೋಷಕ್ಕೆ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದೆ ಒತ್ತುಕಾಗದವನ್ನು ತಂದು ಅಪ್ಪನ ಮುಂದಿಟ್ಟಳು.

ಮೇಷ್ಟ್ರೇ ಅದನ್ನು ತೇಪೆಯ ಮೇಲೆ ಹೊದಿಸಿ ಕಾದರು. ಅಂಟು ಸಡಿಲಿತು. ತೇಪೆ ಚಿತ್ರದ ಒಂದು ಗೆರೆಯನ್ನೂ ಕೀಳದೆ ಎದ್ದು ಬಂತು.

"ನಾಳೆ ಅಷ್ಟು ಜನ ಬರ್ತಾರಲ್ಲ ಅಪ್ಪ, ಅವರಿಗೆ ಏನು ತೋರಿಸ್ತೀರಿ?"

"ಆ ಖಾಲಿ ಜಾಗ ತೋರಿಸ್ತೀನಿ" ಎಂದರು ಮೇಷ್ಟ್ರು. "ನನ್ನ ಮಗಳು ಹುಟ್ಟಿದ್ದು ಇಲ್ಲಿ ಅಂತೀನಿ."