ಮೀಸೆಯ ಹಿಂದಿನ ಪಾಠ

ಮನುಷ್ಯನ ಘನತೆ ಅವನ ನಡತೆಯಲ್ಲಿದೆ ಎಂದು ಹಿರಿಯರು ಹೇಳುತ್ತಾರೆ. ನನ್ನದು ಮೀಸೆಯಲ್ಲಿತ್ತು.

ಮೊನ್ನೆ ಗಾಂಧಿ ಬಜಾರಿನ ಹಿಂದಿನ ಕಟಿಂಗ್ ಶಾಪಿನಲ್ಲಿ, ಪೌಡರು ಮತ್ತು ಒದ್ದೆ ಟವೆಲ್ಲಿನ ವಾಸನೆಯ ನಡುವೆ ಕೂತಿದ್ದೆ. ಕತ್ತರಿ ಹಿಡಿದವನು, “ಸಾರ್, ಮೀಸೆ ಸ್ವಲ್ಪ ಎತ್ತಿಬಿಡ್ಲಾ? ತುಟೀನೇ ಕಾಣ್ತಿಲ್ಲ” ಎಂದ. ತುಟಿಯೇ ಕಾಣುತ್ತಿಲ್ಲ... ಈ ದೂರನ್ನು ಮೊದಲು ಕೊಟ್ಟವಳು ಹತ್ತು ವರ್ಷದ ಹಿಂದಿನ ನನ್ನ ವಿದ್ಯಾರ್ಥಿನಿ.

ನಾನು ಆಗ ಬಸವನಗುಡಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಅವಳು ಚಾಮರಾಜಪೇಟೆಯಿಂದ ಬರುತ್ತಿದ್ದಳು; ಬಿ.ಎ. ಎರಡನೇ ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ತಾನು ಓದಿದ ಕಿವಿ ಕೇಳಿಸದ ಮಕ್ಕಳ ಶಾಲೆಗೇ ಟೀಚರಾಗಿ ಹೋಗಬೇಕೆಂಬುದು ಅವಳ ಆಸೆ. ಅದಕ್ಕೇ ಮೊದಲ ಬೆಂಚು.

ನಾನೋ, ಬೇಡಿಕೆಯ ರೇಖೆ ಏಕೆ ಕೆಳಗಿಳಿಯುತ್ತದೆ ಎಂಬುದನ್ನು ಇಪ್ಪತ್ತೆಂಟು ವರ್ಷ ಕರಿಹಲಗೆಗೇ ವಿವರಿಸಿದವನು. ಅರ್ಥವಾಗಲಿಲ್ಲ ಎಂದು ಹಲಗೆ ಒಮ್ಮೆಯೂ ಹೇಳಲಿಲ್ಲ.

ಒಂದು ದಿನ ಅವಳು ನನ್ನ ಮೇಜಿನ ಮೇಲೆ ಚೀಟಿ ಇಟ್ಟು ಹೋದಳು. “ಸರ್, ದಯವಿಟ್ಟು ನಮ್ಮ ಕಡೆ ತಿರುಗಿ ಪಾಠ ಮಾಡಿ. ಮೀಸೆ ಸ್ವಲ್ಪ ಕತ್ತರಿಸಿದರೆ ತುಟಿ ಕಾಣುತ್ತೆ. ತಪ್ಪು ತಿಳಿಯಬೇಡಿ.”

ನಾನು ತಪ್ಪೇ ತಿಳಿದೆ. ಮೂರು ತಲೆಮಾರಿನ ಮೀಸೆಗೆ ಬಂದ ಅವಮಾನವನ್ನು ಸ್ಟಾಫ್ ರೂಮಿನ ಮಹಾಸಭೆಯ ಮುಂದೆ ಗಟ್ಟಿಯಾಗಿ ಓದಿದೆ.

“ಇವತ್ತು ಮೀಸೆ ಅಂತಾಳೆ, ನಾಳೆ ತಲೆ ಬೋಳಿಸ್ಕೊಳ್ಳಿ ಅಂತಾಳೆ. ಹುಷಾರು ಕಣ್ರೀ!” ಎಂದರು ಇತಿಹಾಸದವರು.

“ಕಿವಿ ಕೇಳ್ಸಲ್ಲ ಅಂದ್ಮೇಲೆ ಕಾಲೇಜ್ ಯಾಕ್ರೀ ಬೇಕು? ಟೈಲರಿಂಗ್ ಕಲೀಬಹುದಿತ್ತು” ಎಂದರು ವಾಣಿಜ್ಯದವರು.

ಎಲ್ಲರೂ ನಕ್ಕೆವು. ತಿರುಗಿದರೆ ಬಾಗಿಲಲ್ಲಿ ಅವಳು. ನಗು ಅವಳಿಗೆ ಕೇಳಿಸಿರಲಿಲ್ಲ, ನಿಜ. ಆದರೆ ನನ್ನ ಸಹೋದ್ಯೋಗಿಗಳಿಬ್ಬರೂ ಪ್ರತಿದಿನ ನುಣ್ಣಗೆ ಕ್ಷೌರ ಮಾಡಿಕೊಂಡು ಬರುವವರು. ಅವರ ತುಟಿಗಳ ಮೇಲೆ ಪ್ರತಿಯೊಂದು ಅಕ್ಷರವೂ ಅವಳಿಗೆ ಸ್ಪಷ್ಟವಾಗಿ ಕಂಡಿತ್ತು.

“ಸಾರಿ ಸರ್” ಎಂದಳು, ತನ್ನ ಎಳೆದೆಳೆದ ದನಿಯಲ್ಲಿ. ನನ್ನ ಕೈಯಲ್ಲಿದ್ದ ಚೀಟಿ ತೆಗೆದುಕೊಂಡು ಹೋದಳು. ಆ ಮಾತು ಹೇಳಬೇಕಾಗಿದ್ದವನು ನಾನು.

ಮರುದಿನ ತರಗತಿಯ ಕಡೆ ತಿರುಗಿ ಪಾಠ ಶುರುಮಾಡಿದೆ. ಮೊದಲ ಬೆಂಚು ಖಾಲಿ. ಬೇರೆಲ್ಲ ತರಗತಿಗಳಿಗೂ ಬರುತ್ತಿದ್ದಳಂತೆ, ನನ್ನದಕ್ಕೆ ಮಾತ್ರ ಇಲ್ಲ. ವರ್ಷದ ಕೊನೆಗೆ ಆಫೀಸಿನವರು ಹಾಜರಾತಿ ಕಡಿಮೆಯಾದವರ ಪಟ್ಟಿ ಕೇಳಿದರು. ಏಕೆ ಕಡಿಮೆಯಾಯಿತೆಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ; ಇದ್ದಿದ್ದರೂ ನಾನು ಬರೆಯುತ್ತಿರಲಿಲ್ಲ. ಅವಳ ಹೆಸರನ್ನು ನನ್ನ ದುಂಡು ಅಕ್ಷರದಲ್ಲೇ ಬರೆದು ಸಹಿ ಹಾಕಿದೆ.

ಈಗ ಅದೇ ಕಾಲೇಜಿನಲ್ಲಿ ಸನ್ನೆ ಭಾಷೆ ಬಲ್ಲವರೊಬ್ಬರು ಮೇಷ್ಟ್ರ ಪಕ್ಕದಲ್ಲೇ ನಿಲ್ಲುತ್ತಾರಂತೆ. ಕೇಳಿ ಸಂತೋಷಪಡುವ ಹಕ್ಕು ನನಗಿದೆಯೇ, ತಿಳಿಯದು. ನಿವೃತ್ತನಾದ ಮೇಲೆ ಚಾಮರಾಜಪೇಟೆಯಲ್ಲಿ ಅವಳ ಮನೆ ಹುಡುಕಿಕೊಂಡು ಹೋಗಿದ್ದೆ. ಬಾಗಿಲು ತೆರೆದವರು ಬೇರೆಯವರು.

ಹಾಜರಾತಿಯ ಆ ಪಟ್ಟಿಯಿಂದಾಗಿ ಆ ವರ್ಷ ಅವಳನ್ನು ಪರೀಕ್ಷೆಗೆ ಕೂರಲು ಬಿಡಲಿಲ್ಲ. ಮೂರನೇ ವರ್ಷಕ್ಕೆ ಅವಳು ಸೇರಲಿಲ್ಲ.