ಕಂಡಕ್ಟರ್ ಕಾಕಾ ಮಾಡಿಸಿಕೊಂಡ ಆಣೆ

ಅವರ ಬೆಲ್ಟಿಗೆ ಒಂಬತ್ತು ತೂತುಗಳಿದ್ದವು. ಐದು ಅಂಗಡಿಯಿಂದ ಬಂದವು. ಉಳಿದ ನಾಲ್ಕನ್ನು ಮೊಳೆ ಕಾಯಿಸಿ ಅವರೇ ಚುಚ್ಚಿಕೊಂಡಿದ್ದರು. ಮೈ ಇಳಿದಂತೆಲ್ಲ ಬೆಲ್ಟಿನ ಮಿಕ್ಕ ತುದಿ ಉದ್ದವಾಗಿ, ಖಾಕಿ ಪ್ಯಾಂಟಿನ ಮೇಲೆ ನಾಲಗೆಯಂತೆ ಜೋಲುತ್ತಿತ್ತು. ಸೀಟಿನಲ್ಲಿ ಕುಳಿತ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ.

ಕುಷ್ಟಗಿಯಿಂದ ಹೊರಟು ಯಲಬುರ್ಗಾ, ಕುಕನೂರು ಹಾದು ಕೊಪ್ಪಳಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಅವರು ಕಂಡಕ್ಟರ್. ನಾನು ಯಲಬುರ್ಗಾದಲ್ಲಿ ಹತ್ತಿ ಕೊಪ್ಪಳದ ಕಾಲೇಜಿಗೆ ಹೋಗುತ್ತಿದ್ದೆ. ಉಳಿದ ಹುಡುಗಿಯರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ.

ಡಿಗ್ರಿಯ ಎರಡನೇ ವರ್ಷ ನನಗೆ ಮಲದಲ್ಲಿ ರಕ್ತ ಹೋಗಲು ಶುರುವಾಯಿತು. ಮನೆಯಲ್ಲಿ ಅದನ್ನು ಮೂಲವ್ಯಾಧಿ ಎಂದು ತೀರ್ಮಾನಿಸಿ ಯಾರೋ ಕೊಟ್ಟ ಪುಡಿಯನ್ನು ಮೊಸರಿನಲ್ಲಿ ಕಲಸಿ ತಿನ್ನಿಸುತ್ತಿದ್ದರು. ಗಳಿಗೆಗೊಮ್ಮೆ ಎದ್ದು ಓಡಬೇಕಾದವಳು ಕೊಪ್ಪಳದವರೆಗೆ ಬಸ್ಸಿನಲ್ಲಿ ಕೂಡುವುದು ಹೇಗೆ? ಬೆಳಿಗ್ಗೆ ಏನೂ ತಿನ್ನದೆ, ನೀರನ್ನೂ ಕುಡಿಯದೆ, ಬಾಗಿಲ ಪಕ್ಕದ ಸೀಟಿನಲ್ಲಿ ಹಲ್ಲು ಕಚ್ಚಿ ಕೂಡುತ್ತಿದ್ದೆ. ಒಂದು ದಿನ ಕಾಕಾ ಪಾಸು ನೋಡುವ ನೆಪದಲ್ಲಿ ಬಗ್ಗಿ ಮೆಲ್ಲಗೆ ಕೇಳಿದರು.

“ತಂಗೆವ್ವಾ, ದಿನಾ ಎಷ್ಟ ಸಲ?”

“ಏನು ಕಾಕಾ?”

“ನನಗ ಹದಿನಾಲ್ಕ ವರ್ಷ ಆತು ಈ ಬ್ಯಾನಿ. ನಿನ್ನ ಹಣಿ ಮ್ಯಾಗಿನ ಬೆವರ ನೋಡಿದ್ರ ತಿಳಿತೈತಿ. ಎಷ್ಟ ಸಲ?”

“ಹತ್ತು,” ಎಂದೆ. ಅಳು ಬಂತು.

ಅವರು ಸೀಟಿ ಊದಿದರು. ಸ್ಟಾಪೇ ಇಲ್ಲದ ಕಡೆ, ಒಂದು ಹಿಟ್ಟಿನ ಗಿರಣಿಯ ಮುಂದೆ ಬಸ್ಸು ನಿಂತಿತು. “ಗಿರಣಿ ಹಿಂದ ಮನಿ ಐತಿ. ಕಂಡಕ್ಟರ್ ಕಳಿಸ್ಯಾರ ಅನ್ನು, ಅಕ್ಕಾರು ಏನೂ ಕೇಳಂಗಿಲ್ಲ. ಹೋಗಿ ಬಾ.”

ಆ ದಾರಿಯುದ್ದಕ್ಕೂ ಅಂಥ ಆರೇಳು ಮನೆಗಳನ್ನು ಅವರು ಗೊತ್ತು ಮಾಡಿಟ್ಟಿದ್ದರು. ರಜೆಯ ದಿನ ಸೈಕಲ್ ಮೇಲೆ ಹೋಗಿ, ಬಾಗಿಲಲ್ಲಿ ನಿಂತು, ತಮ್ಮ ಕಾಯಿಲೆಯನ್ನು ಇದ್ದದ್ದು ಇದ್ದಂತೆ ಹೇಳಿ, “ನಿಮ್ಮ ಪಾಯಖಾನಿ ಒಮ್ಮೊಮ್ಮಿ ಬೇಕಾಗತೈತ್ರಿ” ಎಂದು ಕೇಳಿಕೊಂಡಿದ್ದರಂತೆ. ಬದಲಿಗೆ ಆ ಮನೆಗಳಿಂದ ಕೊಪ್ಪಳದ ಹಾಸ್ಟೆಲಿನ ಮಕ್ಕಳಿಗೆ ಹೋಗುವ ರೊಟ್ಟಿಯ ಬುತ್ತಿಯನ್ನು ತಪ್ಪದೆ ಮುಟ್ಟಿಸುತ್ತಿದ್ದರು. ಬಸ್ಸು ನಿಂತಾಗ ಕಿಟಕಿಯ ಪಕ್ಕದ ಧೋತರದ ಹಿರಿಯರೊಬ್ಬರು ಕೆಣಕುತ್ತಿದ್ದರು: “ಏನ್ರೀ ಕಂಡಕ್ಟರ್, ಮತ್ತ ಬೀಗರ ಮನಿಗಿ ಹೊಂಟ್ರೇನು?”

“ಹೌದ್ರಿ ಯಜಮಾನ್ರ. ಬೀಗರು ಭಾಳ ಅವಸರ ಮಾಡಾಕತ್ತಾರ!”

ಬಸ್ಸೆಲ್ಲ ನಗುತ್ತಿತ್ತು. ಆ ನಗುವಿನ ಮರೆಯಲ್ಲಿ ನಾನು ಇಳಿದು ಹೋಗಿ ಬರುತ್ತಿದ್ದೆ.

ಅದೇ ವಾರ ಅವರು ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂತರು. “ಇದು ಮೂಲವ್ಯಾಧಿ ಅಲ್ರಿ. ನನಗೂ ಮೂರ ವರ್ಷ ಮೂಲವ್ಯಾಧಿ ಅಂತ ಪುಡಿ ತಿನ್ನಿಸಿ ಎಲುಬ ಮಾಡಿದ್ರು. ಹುಡುಗೀನ ಹುಬ್ಬಳ್ಳಿಗೆ ಕರಕೊಂಡು ಹೋಗೂಣ.” ತಾವೇ ಜೊತೆಗೆ ಬಂದರು. ದೊಡ್ಡ ಕರುಳಿನ ಒಳಗೋಡೆಯೆಲ್ಲ ಹುಣ್ಣಾಗಿದೆ, ಅಲ್ಸರೇಟಿವ್ ಕೊಲೈಟಿಸ್, ಹತೋಟಿಯಲ್ಲಿ ಇಡಬಹುದು ಎಂದರು ಡಾಕ್ಟರು. ಮರಳುವಾಗ ಕಾಕಾ ನನಗೆ ಹೇಳಿದ್ದು ಇಷ್ಟೆ: “ಛಲೋ ಆತು ಅಂತ ಗುಳಿಗಿ ಬಿಡಬ್ಯಾಡ. ಡಾಕ್ಟರನ್ನ ಕೇಳದ ನೋವಿನ ಗುಳಿಗಿ ಮುಟ್ಟಬ್ಯಾಡ, ಹುಣ್ಣ ಕೆರಳತೈತಿ. ಹೇಳಾಕ ನಾಚಬ್ಯಾಡ.”

ಅವರ ಡಿಪೋದಲ್ಲಿ ಬೇರೆ ಬಸ್ಸಿನ ಒಬ್ಬ ಡ್ರೈವರಿಗೂ ಇದೇ ಕಾಯಿಲೆ. ಅವನನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ ಕಾಕಾ ಸಾಹೇಬರ ಮೇಜಿನ ಮುಂದೆ ನಿಂತು, “ಈ ಬ್ಯಾನಿ ಇದ್ದವ ದುಡಿಯಂಗಿಲ್ಲ ಅನ್ನಬ್ಯಾಡ್ರಿ. ನಾ ಒಂದಿನಾನೂ ಡ್ಯೂಟಿ ತಪ್ಪಿಸಿಲ್ಲ” ಎಂದು ವಾದಿಸಿದರು. ನಿರ್ಧಾರ ಒಂದು ತಿಂಗಳು ಮುಂದಕ್ಕೆ ಹೋಯಿತು. ಆ ಒಂದು ತಿಂಗಳು ಕಾಕಾ ರಜೆ ಹಾಕಿ ಮಲಗುವಂತಿರಲಿಲ್ಲ, ಮಲಗಿದರೆ ಅವರ ವಾದವೇ ಸುಳ್ಳಾಗುತ್ತಿತ್ತು.

ಮೈ ಅವರ ಮಾತು ಕೇಳಲಿಲ್ಲ. ಮೊಣಕಾಲು ಊದಿಕೊಂಡವು, ಈ ಕಾಯಿಲೆ ಕೀಲುಗಳನ್ನೂ ಬಿಡುವುದಿಲ್ಲ. ಒಂದು ಬೆಳಿಗ್ಗೆ ಅವರು ನೋವಿನ ಗುಳಿಗೆ ನುಂಗುವುದನ್ನು ನೋಡಿಬಿಟ್ಟೆ. ಎಲ್ಲರಿಗೂ ಬೇಡ ಎನ್ನುತ್ತಿದ್ದ ಅದೇ ಗುಳಿಗೆ.

“ರಕ್ತ ಹೊಂಟೈತೇನು ಕಾಕಾ?”

ಅವರು ಸುತ್ತ ನೋಡಿದರು. “ಸ್ವಲ್ಪ. ಹದಿನೈದು ದಿನದ ಮಾತು, ತಡಕೊಂತೀನಿ. ಯಾರಿಗೂ ಹೇಳಂಗಿಲ್ಲ. ನನ್ನ ತಲಿ ಮುಟ್ಟಿ ಆಣಿ ಮಾಡು.” ನನ್ನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಕೂದಲು ಬಿಸಿಯಾಗಿತ್ತು, ಜ್ವರವಿತ್ತು. ಆಣೆ ಮುರಿದರೆ ಯಾರ ತಲೆ ಮುಟ್ಟಿರುತ್ತೇವೋ ಅವರ ಜೀವಕ್ಕೇ ಕೇಡು ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಬಿ.ಎಸ್ಸಿ. ಓದುತ್ತಿದ್ದವಳು. ಆದರೂ ನಂಬಿದೆ.

ಹದಿಮೂರನೇ ದಿನ, ಕುಕನೂರು ದಾಟಿದ ಮೇಲೆ, ಟಿಕೆಟ್ ಕೊಡುತ್ತಿದ್ದವರು ಕಂಬಿ ಹಿಡಿದು ಮೆಲ್ಲಗೆ ಕುಸಿದು ಕೂತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಡ್ರೈವರ್ ಬಸ್ಸು ನಿಲ್ಲಿಸಿದ.

“ಬಿಸಿಲ ಬಡದೈತಿ, ಉಳ್ಳಾಗಡ್ಡಿ ಮೂಸಸ್ರಿ.”

“ಮುಂಜಾನೇನ ಹಾಕ್ಕೊಂಡು ಬಂದಾನೋ ಏನೋ.”

“ಮಜ್ಜಿಗಿ ಕುಡಸ್ರಿ, ತಂಪಾಗತೈತಿ.”

ಕಾಕಾ ಕಣ್ಣು ತೆರೆದು ನನ್ನನ್ನೇ ಹುಡುಕಿದರು. ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ನಾನು ಹೇಳಲಿಲ್ಲ. ಒಬ್ಬಾಕೆ ಸಂತೆಯ ಚೀಲದ ತಳದಿಂದ ಉಳ್ಳಾಗಡ್ಡಿ ಹುಡುಕಿ ತೆಗೆದು, ಬಾಗಿಲಿಗೆ ಜಜ್ಜಿ ಒಡೆದು, ಅವರ ಮೂಗಿಗೆ ಹಿಡಿದಳು. ಇನ್ನೊಬ್ಬ ಇಳಿದು ಹೊಲದ ಮನೆಯಿಂದ ಮಜ್ಜಿಗೆ ತಂದ. ಅಷ್ಟು ಹೊತ್ತು ನಾನು ಸುಮ್ಮನೆ ಕೂತಿದ್ದೆ. ಆ ಹೊತ್ತನ್ನು ಈಗಲೂ ಅಳೆಯುತ್ತಿರುತ್ತೇನೆ. ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಕೈ ನಿಂತುಬಿಡುತ್ತದೆ.

ಅವರನ್ನು ಎತ್ತಿ ಕೂಡಿಸಲು ಹೋದಾಗ ಕೆಳಗಿನ ತಗಡಿನ ಮೇಲೆ ಕಪ್ಪಾದ ರಕ್ತ ಕಂಡಿತು. ಆಗ ಚೀರಿದೆ. “ಬಿಸಿಲಲ್ಲ! ಅವರ ಕರುಳಿನ್ಯಾಗ ಹುಣ್ಣೈತಿ, ರಕ್ತ ಹೊಂಟೈತಿ!”

“ಎಷ್ಟ ದಿನಾ ಆತು?” ಎಂದ ಡ್ರೈವರ್.

“ಎರಡ ವಾರ.”

“ಮತ್ತ ಇಷ್ಟೊತ್ತನಕ ಬಾಯಿ ಎಲ್ಲಿಟ್ಟಿದ್ದಿಬೇ ನೀನು?”

ಅವನು ಎಲ್ಲಿಯೂ ನಿಲ್ಲಿಸದೆ, ಹಾರ್ನಿನ ಮೇಲಿಂದ ಕೈ ತೆಗೆಯದೆ ನೇರವಾಗಿ ಕೊಪ್ಪಳದ ಆಸ್ಪತ್ರೆಗೆ ಬಸ್ಸು ತಂದ. ತಮ್ಮ ಊರು ಬಂದರೂ ಒಬ್ಬರೂ ಇಳಿಸಿ ಎನ್ನಲಿಲ್ಲ. ಬೀಗರ ಮಾತಾಡಿ ಕೆಣಕುತ್ತಿದ್ದ ಹಿರಿಯರು ಕಾಕಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಬಂತ್ರಿ, ಊರ ಬಂತು” ಎಂದು ಸುಳ್ಳು ಹೇಳುತ್ತಲೇ ಇದ್ದರು.

ಕೊಪ್ಪಳದಿಂದ ಹುಬ್ಬಳ್ಳಿಗೆ ಕಳಿಸಿದರು. ಕರುಳು ತೂತಾಗಿ ನಂಜು ಏರಿತ್ತು. ಆಪರೇಷನ್ ಆಯಿತು. ಒಂಬತ್ತನೇ ದಿನ ಕಾಕಾ ಹೋದರು. ಅವರು ಯಾರ ಪರ ವಾದಿಸಿದ್ದರೋ ಆ ಕಾಯಿಲೆಯ ಡ್ರೈವರನಿಗೆ ಆಮೇಲೆ ಡಿಪೋದೊಳಗೇ ಕೆಲಸ ಕೊಟ್ಟರು ಎಂದು ಕೇಳಿದೆ.

ಮಣ್ಣು ಮುಗಿದ ಮರುದಿನ ಕುಷ್ಟಗಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಬೈಸಿಕೊಳ್ಳಲೆಂದೇ ಹೋಗಿದ್ದೆ. “ಚಿಗವ್ವಾ, ನನಗ ಮೊದಲ ಗೊತ್ತಿತ್ತು. ಆಣಿ ಮಾಡಿಸಿಕೊಂಡಿದ್ರು” ಎಂದೆ.

ಆಕೆ ತಲೆ ಎತ್ತಿದರು. “ಅವರ ಅರಿವಿ ಒಗಿಯಾಕಿ ನಾನ ಅಲ್ಲೇನವ್ವಾ? ನನಗ ಗೊತ್ತಿರಲಿಲ್ಲೇನು? ನನ್ನ ಕೈನೂ ತಲಿ ಮ್ಯಾಲ ಇಟಗೊಂಡಿದ್ರು.”

ಇಬ್ಬರೂ ಅವರ ಜೀವಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವು.

ಈಗ ನಾನು ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಗುಳಿಗೆ ಬಿಟ್ಟಿಲ್ಲ. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು, ಎರಡು ತಿಂಗಳಿಂದ ರಕ್ತ ಹೋಗುತ್ತಿದೆ ಎಂದು ಅಳುತ್ತ ಹೇಳಿದಳು. ಹೇಳಿ ಮುಗಿಸಿ ಅಂಗೈ ಚಾಚಿದಳು. “ಮನ್ಯಾಗ ಹೇಳಂಗಿಲ್ಲ ಅಂತ ಆಣಿ ಮಾಡ್ರಿ ಮೇಡಂ. ಸಾಲಿ ಬಿಡಸ್ತಾರ.”

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. “ನನಗೂ ಇದ ಐತವ್ವಾ. ನಿಮ್ಮಪ್ಪನ ನಂಬರ್ ಹೇಳು” ಎಂದೆ. ಹೇಳಲಿಲ್ಲ. ರಿಜಿಸ್ಟರಿನಲ್ಲಿ ಹುಡುಕಿದೆ. “ನಿಮ್ಮನ್ನ ನಂಬಿ ಹೇಳಿದ್ನಲ್ಲ ಮೇಡಂ” ಎಂದು ಅವಳು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಳು. ನಂಬರ್ ಒತ್ತಿದೆ.

“ಹಲೋ, ಯಾರ್ರಿ?” ಎಂದಿತು ಆ ಕಡೆಯ ದನಿ.

ಹೇಳಿದೆ.